ನಾಳೆಯ ನಿಯಮಕ್ಕೆ ಇವತ್ತಿನ ನಕ್ಷೆ

ನಿಮ್ಮ ಮೇಜಿನ ಮೇಲೆ ಈಗ ಇರುವ ಕಟ್ಟಡವನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಇನ್ನೂ ನಕ್ಷೆಯ ಹಂತದಲ್ಲೇ ಇರುವಂಥದ್ದು. ಅದರ ಬಾಗಿಲು ತೆಗೆದು ಜನ ಒಳಗೆ ಕಾಲಿಡುವುದು ಯಾವಾಗ? ಮೂರು ವರ್ಷ ಆಗಬಹುದು, ನಾಲ್ಕೂ ಆಗಬಹುದು. ಆಮೇಲೆ ಅದು ಎಷ್ಟು ಕಾಲ ನಿಲ್ಲಬೇಕು? 50 ವರ್ಷ, 60 ವರ್ಷ. ಅಷ್ಟರಲ್ಲಿ ಕಟ್ಟಡಗಳ ಇಂಧನ ಬಳಕೆಯ ನಿಯಮ ಎಷ್ಟು ಸಲ ಬದಲಾಗಬಹುದು ಅಂತ ನೀವೇ ಯೋಚಿಸಿ.

ಒಬ್ಬ ಯುವ ವಾಸ್ತುಶಿಲ್ಪಿ ಒಮ್ಮೆ ನನ್ನನ್ನು ಕೇಳಿದರು, "ನಿಯಮ ಇನ್ನೂ ಜಾರಿಗೆ ಬಂದಿಲ್ಲ. ಬಂದಾಗ ನೋಡಿಕೊಂಡರಾಯ್ತು ಅಲ್ವಾ?" ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಎಲ್ಲರ ತಲೆಯ ಮೇಲೂ ಕೆಲಸದ ಹೊರೆ ಇದೆ. ಆದರೆ ಕಟ್ಟಡದಲ್ಲಿ ಕೆಲವು ವಿಷಯಗಳನ್ನು ಆಮೇಲೆ ನೋಡಿಕೊಳ್ಳಲು ಆಗುವುದಿಲ್ಲ. ಬಲ್ಬು ಬದಲಾಯಿಸಬಹುದು. ಯಂತ್ರ ಬದಲಾಯಿಸಬಹುದು. ಕಟ್ಟಡ ಯಾವ ದಿಕ್ಕಿಗೆ ಮುಖ ಮಾಡಿದೆ ಅನ್ನುವುದನ್ನು ಬದಲಾಯಿಸುವುದು ಹೇಗೆ? ಇವತ್ತು ನಾನು ಹೇಳಬೇಕಾದದ್ದೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ. ಆಮೇಲೆ ಬದಲಾಯಿಸಲು ಆಗದ್ದನ್ನು ಮೊದಲ ಗೆರೆಯಲ್ಲೇ ಸರಿ ಮಾಡಬೇಕು. ಬದಲಾಯಿಸಬಹುದಾದದ್ದಕ್ಕೆ ಜಾಗ ಬಿಟ್ಟಿರಬೇಕು.

ಮೊದಲು ನಿಯಮಗಳು ಯಾವ ಕಡೆಗೆ ಹೊರಟಿವೆ ಅಂತ ನೋಡೋಣ. 1973ರಲ್ಲಿ ಎಣ್ಣೆಯ ಬೆಲೆ ಏಕಾಏಕಿ ಏರಿತು. ಕಟ್ಟಡಗಳು ಎಷ್ಟು ಇಂಧನ ನುಂಗುತ್ತಿವೆ ಅಂತ ಸರ್ಕಾರಗಳು ಗಂಭೀರವಾಗಿ ನೋಡಲು ಶುರು ಮಾಡಿದ್ದು ಆಗ. ಜರ್ಮನಿಯಲ್ಲಿ 1977ರಲ್ಲಿ ಶಾಖ ರಕ್ಷಣೆಯ ನಿಯಮ ಬಂತು. ಕ್ಯಾಲಿಫೋರ್ನಿಯಾದಲ್ಲಿ 1978ರಲ್ಲಿ. ಆಗಿನ ನಿಯಮಗಳು ಬಿಡಿ ಬಿಡಿ ಭಾಗಗಳನ್ನು ನೋಡುತ್ತಿದ್ದವು. ಗೋಡೆ ಇಷ್ಟು, ಸೂರು ಇಷ್ಟು, ಕಿಟಕಿ ಇಷ್ಟು. ಬರಬರುತ್ತಾ ಇಡೀ ಕಟ್ಟಡ ವರ್ಷಕ್ಕೆ ಎಷ್ಟು ಯೂನಿಟ್, ಅಂದರೆ ಕಿಲೋವಾಟ್-ಗಂಟೆ, ಬಳಸುತ್ತದೆ ಅಂತ ಕೇಳತೊಡಗಿದವು. ಆಮೇಲೆ ಆ ಯೂನಿಟ್ಟಿನ ಹಿಂದೆ ಎಷ್ಟು ಕಾರ್ಬನ್, ಅಂದರೆ ಗಾಳಿಗೆ ಸೇರುವ ಕಾರ್ಬನ್ ಡೈಆಕ್ಸೈಡ್, ಇದೆ ಅಂತ ಕೇಳಿದವು. ಈಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಟ್ಟಡವನ್ನು ಕಟ್ಟುವುದಕ್ಕೇ ಎಷ್ಟು ಕಾರ್ಬನ್ ಹೋಯಿತು ಅಂತ ಕೇಳುತ್ತಿವೆ.

ಇದು ದೂರದ ಮಾತಲ್ಲ. ಫ್ರಾನ್ಸಿನಲ್ಲಿ 2022ರ ಜನವರಿಯಿಂದ ಹೊಸ ಮನೆಗಳಿಗೆ ಕಟ್ಟಡ ಸಾಮಗ್ರಿಯ ಕಾರ್ಬನ್ನೂ ಸೇರಿದ ಮಿತಿ ಇದೆ. ಡೆನ್ಮಾರ್ಕ್ 2023ರಲ್ಲಿ 1000 ಚದರ ಮೀಟರಿಗಿಂತ ದೊಡ್ಡ ಹೊಸ ಕಟ್ಟಡಗಳಿಗೆ ಮಿತಿ ಹಾಕಿತು. 50 ವರ್ಷದ ಲೆಕ್ಕದಲ್ಲಿ, ಪ್ರತಿ ಚದರ ಮೀಟರಿಗೆ ವರ್ಷಕ್ಕೆ 12 ಕಿಲೋ ಕಾರ್ಬನ್ ಡೈಆಕ್ಸೈಡ್. ಆಮೇಲೆ ಅದನ್ನು ಇನ್ನೂ ಬಿಗಿ ಮಾಡಿತು. ಯುರೋಪಿಯನ್ ಒಕ್ಕೂಟ 2024ರಲ್ಲಿ ಪರಿಷ್ಕರಿಸಿದ ನಿಯಮದ ಪ್ರಕಾರ 2030ರಿಂದ ಎಲ್ಲ ಹೊಸ ಕಟ್ಟಡಗಳೂ ಶೂನ್ಯ ಹೊರಸೂಸುವಿಕೆಯ ಕಟ್ಟಡಗಳಾಗಬೇಕು. ಸರ್ಕಾರಿ ಸಂಸ್ಥೆಗಳ ಹೊಸ ಕಟ್ಟಡಗಳಿಗೆ 2028ರಿಂದಲೇ. ಬೇಸಗೆ ಜೋರಾಗಿರುವ ದೇಶಗಳ ನಿಯಮಗಳ ರೂಪ ಬೇರೆ. ಭಾರತದ ವಸತಿ ಕಟ್ಟಡಗಳ ಸಂಹಿತೆ 2018ರಲ್ಲಿ ಬಂದಾಗ ಹೊರಗೋಡೆ ಮತ್ತು ಕಿಟಕಿಗಳ ಮೂಲಕ ಒಳಗೆ ಬರುವ ಶಾಖವನ್ನೇ ಅಳೆಯಿತು. ಪ್ರತಿ ಚದರ ಮೀಟರಿಗೆ 15 ವಾಟ್ ಮೀರಬಾರದು ಅಂದಿತು. ಚಳಿ ಇರಲಿ ಸೆಕೆ ಇರಲಿ, ಹೊರಟ ದಿಕ್ಕು ಒಂದೇ.

ಇಲ್ಲಿ ಒಂದು ಉದಾಹರಣೆ ಹೇಳುತ್ತೇನೆ. ಸ್ವಲ್ಪ ಅಂಕಿ ಇದೆ, ತಾಳ್ಮೆಯಿಂದ ಕೇಳಿ. ನಿಯಮದ ಅಂಕಿಯನ್ನೇ ಗುರಿ ಮಾಡಿಕೊಂಡರೆ ಏನಾಗುತ್ತದೆ ಅಂತ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಹತ್ತಿರ ಇಲ್ಲ.

ಇಂಗ್ಲೆಂಡಿನಲ್ಲಿ ಮನೆಗಳ ಇಂಧನ ಲೆಕ್ಕ ಹಾಕಲು ಸರ್ಕಾರವೇ ಒಂದು ವಿಧಾನ ಕೊಟ್ಟಿದೆ. 2013ರ ನಿಯಮದ ಕಾಲದಲ್ಲಿ ಆ ವಿಧಾನದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ 0.519 ಕಿಲೋ ಕಾರ್ಬನ್ ಡೈಆಕ್ಸೈಡ್ ಅಂತ ಲೆಕ್ಕ. ಒಂದು ಯೂನಿಟ್ ಗ್ಯಾಸಿಗೆ ಸುಮಾರು 0.21. ಹಾಗಾಗಿ ಲೆಕ್ಕ ಹಾಕಿದವರೆಲ್ಲ ಮನೆ ಬೆಚ್ಚಗಿಡಲು ಗ್ಯಾಸ್ ಬಾಯ್ಲರ್ ಕಡೆಗೇ ವಾಲಿದರು. ತಪ್ಪಲ್ಲ, ಅಂಕಿ ಹಾಗೆ ಹೇಳುತ್ತಿತ್ತು. ಅಷ್ಟರಲ್ಲಿ ಅಲ್ಲಿನ ಕಲ್ಲಿದ್ದಲು ಸ್ಥಾವರಗಳು ಒಂದೊಂದಾಗಿ ಮುಚ್ಚಿದವು. ಗಾಳಿ ವಿದ್ಯುತ್ತು ಏರಿತು. 2022ರ ಜೂನ್‌ನಲ್ಲಿ ಹೊಸ ನಿಯಮ ಜಾರಿಗೆ ಬಂದಾಗ ಅದೇ ಒಂದು ಯೂನಿಟ್ ವಿದ್ಯುತ್ತಿನ ಲೆಕ್ಕ 0.136ಕ್ಕೆ ಇಳಿದಿತ್ತು. ಗ್ಯಾಸ್ ಇದ್ದಲ್ಲೇ ಇತ್ತು. ಈಗ ಹೊರಗಿನ ಶಾಖವನ್ನು ಒಳಗೆ ಎಳೆದು ತರುವ ಹೀಟ್ ಪಂಪ್ ಅನ್ನುವ ಯಂತ್ರ ಒಂದು ಯೂನಿಟ್ ವಿದ್ಯುತ್ತು ತೆಗೆದುಕೊಂಡು ಮೂರು ಯೂನಿಟ್ ಶಾಖ ಕೊಟ್ಟರೆ, ಒಂದು ಯೂನಿಟ್ ಶಾಖಕ್ಕೆ 0.045 ಕಿಲೋ. ಒಳ್ಳೆಯ ಗ್ಯಾಸ್ ಬಾಯ್ಲರಿಗೆ ಸುಮಾರು 0.23. ಐದು ಪಟ್ಟು ವ್ಯತ್ಯಾಸ.

ನಿನ್ನೆ ಸರಿ ಇದ್ದ ಉತ್ತರ ಇವತ್ತು ತಪ್ಪಾಯಿತು. ಕಟ್ಟಡ ಅದೇ, ಅದರ ಗೋಡೆ ಅದೇ, ಒಳಗಿರುವ ಜನ ಅವರೇ. ಬದಲಾದದ್ದು ದೂರದಲ್ಲೆಲ್ಲೋ ಇರುವ ವಿದ್ಯುತ್ ಸ್ಥಾವರ. ನಿಮ್ಮ ಊರಿನ ವಿದ್ಯುತ್ತಿನಲ್ಲಿ ಕಲ್ಲಿದ್ದಲ ಪಾಲು ಜಾಸ್ತಿ ಇದ್ದರೆ ಅಂಕಿ ಬೇರೆ ಇರುತ್ತದೆ. ಹತ್ತು ವರ್ಷ ಬಿಟ್ಟು ಅದೂ ಬೇರೆ ಆಗುತ್ತದೆ. ಆದರೆ ಒಂದು ಮಾತ್ರ ಬದಲಾಗುವುದಿಲ್ಲ. ಕಟ್ಟಡಕ್ಕೆ ಬೇಕಾಗುವ ಶಾಖವೋ ತಂಪೋ ಕಡಿಮೆ ಇದ್ದರೆ, ಅದನ್ನು ಯಾವ ಇಂಧನದಿಂದ ಕೊಟ್ಟರೂ ಲೆಕ್ಕ ಕಡಿಮೆಯೇ ಬರುತ್ತದೆ. ನಿಯಮದ ಅಂಕಿಯ ಹಿಂದೆ ಓಡಬೇಡಿ, ಕಟ್ಟಡದ ಬೇಡಿಕೆಯನ್ನು ಇಳಿಸಿ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ.

ಸರಿ, ಬೇಡಿಕೆ ಇಳಿಸುವುದು ಎಲ್ಲಿಂದ ಶುರು? ಆಕಾರದಿಂದ.

ಹತ್ತು ಮೀಟರ್ ಉದ್ದ, ಹತ್ತು ಅಗಲ, ಹತ್ತು ಎತ್ತರದ ಒಂದು ಪೆಟ್ಟಿಗೆ ಇಟ್ಟುಕೊಳ್ಳಿ. ಅದರ ಆರು ಮುಖ ಸೇರಿದರೆ 600 ಚದರ ಮೀಟರ್. ಅದನ್ನೇ ಐದೈದು ಮೀಟರಿನ ಎಂಟು ಪೆಟ್ಟಿಗೆಗಳಾಗಿ ಬಿಡಿಸಿ ಬೇರೆ ಬೇರೆ ಇಡಿ. ಒಳಗಿನ ಜಾಗ ಅಷ್ಟೇ. ಹೊರಮೈ 1200 ಚದರ ಮೀಟರ್ ಆಯಿತು. ಶಾಖ ಹೋಗುವುದೂ ಬರುವುದೂ ಹೊರಮೈಯಿಂದ. ಅಂದರೆ ಶಾಖ ತಡೆಯುವ ಹೊದಿಕೆ, ಇನ್ಸುಲೇಷನ್, ಒಂದು ಇಂಚು ಹಾಕುವ ಮೊದಲೇ, ಸುಮ್ನೆ ಪೆನ್ಸಿಲ್ ಆಡಿಸುವಾಗಲೇ ನೀವು ನಷ್ಟವನ್ನು ಎರಡು ಪಟ್ಟು ಮಾಡಬಹುದು ಅಥವಾ ಅರ್ಧಕ್ಕೆ ಇಳಿಸಬಹುದು. ಮುಂಭಾಗ ಚೆನ್ನಾಗಿ ಕಾಣಲಿ ಅಂತ ಹಾಕುವ ಪ್ರತಿಯೊಂದು ಮಡಿಕೆ, ಪ್ರತಿಯೊಂದು ಮೂಲೆ ಹೊರಮೈಯನ್ನು ಹೆಚ್ಚಿಸುತ್ತದೆ. ಹಾಗಂತ ಎಲ್ಲ ಕಡೆ ಪೆಟ್ಟಿಗೆಯನ್ನೇ ಕಟ್ಟಿ ಅಂತಲ್ಲ. ಸೆಕೆ ಮತ್ತು ತೇವ ಎರಡೂ ಇರುವ ಕಡೆ, ಯಂತ್ರವಿಲ್ಲದೆ ಗಾಳಿಯಲ್ಲೇ ತಂಪಾಗಬೇಕಾದ ಕಟ್ಟಡಕ್ಕೆ, ತೆಳುವಾಗಿ ಹರಡಿಕೊಂಡ ಆಕಾರವೇ ಒಳ್ಳೆಯದು. ಗಾಳಿ ಈ ಕಡೆ ಬಂದು ಆ ಕಡೆ ಹೋಗಬೇಕಲ್ಲ. ನಿಮ್ಮ ಕಟ್ಟಡ ಯಾವ ಬಗೆಯದು ಅನ್ನುವುದನ್ನು ಮೊದಲ ವಾರದಲ್ಲೇ ತೀರ್ಮಾನ ಮಾಡಿ. ಎರಡೂ ಅಲ್ಲದ ನಡುವಿನ ಕಟ್ಟಡ, ಅಂದರೆ ಹರಡಿಕೊಂಡೂ ಇದೆ, ಕಿಟಕಿ ಮುಚ್ಚಿ ಎಸಿ ಹಾಕಿಯೂ ಇದೆ, ಅದು ಎಲ್ಲಕ್ಕಿಂತ ಕೆಟ್ಟದ್ದು.

ದಿಕ್ಕಿನ ವಿಷಯ. ಮಧ್ಯಾಹ್ನದ ಸೂರ್ಯ ಎತ್ತರದಲ್ಲಿರುತ್ತಾನೆ, ಕಿಟಕಿಯ ಮೇಲೆ ಒಂದು ಸಜ್ಜಾ ಚಾಚಿದರೆ ತಡೆಯುತ್ತದೆ. ಬೆಳಗಿನ, ಸಂಜೆಯ ಸೂರ್ಯ ತಗ್ಗಿನಲ್ಲಿರುತ್ತಾನೆ, ಸಜ್ಜಾದ ಕೆಳಗಿಂದ ನೇರವಾಗಿ ಒಳಗೆ ನುಗ್ಗುತ್ತಾನೆ. ಹಾಗಾಗಿ ಪೂರ್ವ ಪಶ್ಚಿಮದ ಕಡೆ ದೊಡ್ಡ ಗಾಜು ಇಟ್ಟರೆ ತಡೆಯುವುದು ಬಹಳ ಕಷ್ಟ. ನಿಲುವಾದ ಹಲಗೆಗಳು ಬೇಕು, ಇಲ್ಲವೇ ಹೊರಗಿನಿಂದ ಇಳಿಸುವ ಪರದೆ ಬೇಕು. ಹೊರಗಿನಿಂದ ಅಂದದ್ದನ್ನು ಗಮನಿಸಿ. ಒಳಗೆ ಪರದೆ ಎಳೆದರೆ ಬೆಳಕು ತಡೆಯುತ್ತದೆ, ಶಾಖ ತಡೆಯುವುದು ಕಡಿಮೆ. ಬಿಸಿಲು ಆಗಲೇ ಗಾಜು ದಾಟಿ ಬಂದಿರುತ್ತದೆ, ಪರದೆಯನ್ನು ಕಾಯಿಸುತ್ತದೆ. ಪರದೆ ಬಿಡುವ ಶಾಖ ಗಾಜಿನಿಂದ ಹೊರಗೆ ಹೋಗುವುದಿಲ್ಲ, ಕೋಣೆಯಲ್ಲೇ ಉಳಿಯುತ್ತದೆ.

ಈಗ ಗೋಡೆಗೆ ಬರೋಣ. ಗೋಡೆಯ ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದಾಗ ಒಂದು ಚದರ ಮೀಟರಿನಿಂದ ಎಷ್ಟು ವಾಟ್ ಶಾಖ ದಾಟುತ್ತದೆ ಅನ್ನುವುದಕ್ಕೆ ಯು-ವ್ಯಾಲ್ಯೂ ಅನ್ನುತ್ತೇವೆ. ಒಂಟಿ ಗಾಜಿನ ಕಿಟಕಿಗೆ ಸುಮಾರು 5.7. ಲೇಪನ ಹಾಕಿ ನಡುವೆ ಆರ್ಗಾನ್ ತುಂಬಿದ ಜೋಡಿ ಗಾಜಿಗೆ 1.1 ಅಥವಾ 1.2. ಇದೆಲ್ಲ ಕ್ಯಾಟಲಾಗಿನಲ್ಲಿ ಸಿಗುತ್ತದೆ, ನಿಮಗೆ ಗೊತ್ತಿರುವ ವಿಷಯವೇ. ನಾನು ಹೇಳಬೇಕಾದದ್ದು ಕ್ಯಾಟಲಾಗಿನಲ್ಲಿ ಇಲ್ಲದ ಜಾಗಗಳ ಬಗ್ಗೆ. ಗೋಡೆ ಸ್ಲ್ಯಾಬನ್ನು ಸೇರುವ ಜಾಗ. ಕಿಟಕಿಯ ಚೌಕಟ್ಟು ಗೋಡೆಯನ್ನು ಸೇರುವ ಜಾಗ. ಬಾಲ್ಕನಿ.

ಬಾಲ್ಕನಿಯನ್ನೇ ತೆಗೆದುಕೊಳ್ಳಿ. ಒಳಗಿನ ನೆಲದ ಸ್ಲ್ಯಾಬು ಹಾಗೇ ಗೋಡೆ ದಾಟಿ ಹೊರಗೆ ಚಾಚುತ್ತದೆ, ಅದೇ ಬಾಲ್ಕನಿ. ಕಟ್ಟಲು ಸುಲಭ, ಗಟ್ಟಿ. ಗೋಡೆಗೆ ನೀವು ಶಾಖ ತಡೆಯುವ ಮಿನರಲ್ ವುಲ್ ಹೊದಿಸಿದ್ದೀರಿ. ಆದರೆ ಸ್ಲ್ಯಾಬು ದಾಟುವ ಆ ಒಂದು ಪಟ್ಟಿಯಲ್ಲಿ ಹೊದಿಕೆ ಕಡಿದುಹೋಗುತ್ತದೆ. ಕಾಂಕ್ರೀಟು ಮಿನರಲ್ ವುಲ್‌ಗಿಂತ ಸುಮಾರು 50 ಪಟ್ಟು ಸುಲಭವಾಗಿ ಶಾಖವನ್ನು ಹರಿಸುತ್ತದೆ. ಒಳಗಿರುವ ಉಕ್ಕಿನ ಕಂಬಿ ಇನ್ನೂ ಜಾಸ್ತಿ. ಚಳಿಗಾಲದಲ್ಲಿ ಹೊರಗಿನ ಬಾಲ್ಕನಿ ತಣ್ಣಗಾದರೆ ಒಳಗಿನ ನೆಲದ ಅಂಚೂ ತಣ್ಣಗಾಗುತ್ತದೆ. ಕೋಣೆಯ ತೇವ ಆ ಮೂಲೆಯಲ್ಲಿ ನೀರಾಗಿ ಕೂರುತ್ತದೆ, ಆಮೇಲೆ ಬೂಷ್ಟು ಹಿಡಿಯುತ್ತದೆ. ಒಂದು ಮನೆಯಲ್ಲಿ ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಗೋಡೆಯೆಲ್ಲ ಚೆನ್ನಾಗಿತ್ತು, ಬಾಲ್ಕನಿ ಬಾಗಿಲಿನ ಎರಡೂ ಪಕ್ಕ, ನೆಲದಿಂದ ಒಂದು ಗೇಣು ಎತ್ತರದವರೆಗೆ ಮಾತ್ರ ಕಪ್ಪು ಚುಕ್ಕೆ. ಮನೆಯವರು ಮೂರು ಸಲ ಬಣ್ಣ ಬಳಿಸಿದ್ದರಂತೆ. ಬಣ್ಣದಿಂದ ಅದು ಹೋಗುವಂಥದ್ದಲ್ಲ. ಅದು ನಕ್ಷೆಯಲ್ಲೇ ಇದ್ದ ಬೂಷ್ಟು.

ಇದಕ್ಕೆ ಉಪಾಯ ಇದೆ. ಬಾಲ್ಕನಿಯನ್ನು ತನ್ನದೇ ಕಾಲುಗಳ ಮೇಲೆ ನಿಲ್ಲಿಸಿ, ಕಟ್ಟಡಕ್ಕೆ ನಾಲ್ಕೈದು ಕಡೆ ಮಾತ್ರ ಬಿಗಿಯಬಹುದು. ಇಲ್ಲವೇ ಸ್ಲ್ಯಾಬಿನ ನಡುವೆ ಶಾಖ ತಡೆಯುವ ತುಂಡು ಕೂರಿಸಬಹುದು, ಅದಕ್ಕೆಂದೇ ತಯಾರಾದವು ಸಿಗುತ್ತವೆ. ಆದರೆ ಸ್ಟ್ರಕ್ಚರಲ್ ಎಂಜಿನಿಯರ್ ಕಂಬಿ ಲೆಕ್ಕ ಮುಗಿಸಿದ ಮೇಲೆ ಹೋಗಿ ಕೇಳಿದರೆ ಅವರು ಒಪ್ಪುವುದು ಕಷ್ಟ. ಅದಕ್ಕೇ ಮೊದಲೇ ಕೇಳಬೇಕು.

ನಾನು ನನ್ನ ವಿದ್ಯಾರ್ಥಿಗಳಿಗೆ ಒಂದು ಕೆಂಪು ಪೆನ್ಸಿಲ್ ಕೊಡುತ್ತೇನೆ. ಕಟ್ಟಡದ ಸೆಕ್ಷನ್, ಅಂದರೆ ಮೇಲಿಂದ ಕೆಳಗೆ ಸೀಳಿದಂತೆ ಬರೆದ ನಕ್ಷೆ, ತೆಗೆದುಕೊಳ್ಳಿ, ಇನ್ಸುಲೇಷನ್ ಗೆರೆಯ ಮೇಲೆ ಪೆನ್ಸಿಲ್ ಇಡಿ, ಸೂರಿನಿಂದ ಗೋಡೆ, ಗೋಡೆಯಿಂದ ತಳ, ಮತ್ತೆ ಆ ಕಡೆಯ ಗೋಡೆ, ಹೀಗೆ ಕೈ ಎತ್ತದೆ ಒಂದು ಸುತ್ತು ಬನ್ನಿ ಅನ್ನುತ್ತೇನೆ. ಕೈ ಎತ್ತಬೇಕಾದ ಜಾಗವೇ ಶಾಖ ಸೋರುವ ಜಾಗ. ಆಮೇಲೆ ನೀಲಿ ಪೆನ್ಸಿಲ್. ಅದೇ ಸುತ್ತು, ಈ ಸಲ ಗಾಳಿ ತಡೆಯುವ ಪದರದ ಮೇಲೆ. ಅದು ಪ್ಲಾಸ್ಟರ್ ಇರಬಹುದು, ಹಾಳೆ ಇರಬಹುದು, ಏನೇ ಆದರೂ ಯಾವುದು ಅಂತ ನಿಮಗೆ ಗೊತ್ತಿರಬೇಕು. ತುಂಬಾ ನಕ್ಷೆಗಳಲ್ಲಿ ನೀಲಿ ಗೆರೆ ಶುರುವಾಗುವುದೇ ಇಲ್ಲ. ಗಾಳಿ ತಡೆಯುವ ಪದರ ಯಾವುದು ಅಂತ ಯಾರೂ ಯೋಚನೆಯನ್ನೇ ಮಾಡಿರುವುದಿಲ್ಲ.

ಈ ಗಾಳಿ ಸೋರಿಕೆಯ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ. ನನಗೆ ಇದು ಬಹಳ ಮುಖ್ಯ ಅನ್ನಿಸುತ್ತದೆ.

1977ರಲ್ಲಿ ಕೆನಡಾದ ರೆಜೈನಾ ನಗರದಲ್ಲಿ ಒಂದು ಮನೆ ಕಟ್ಟಿದರು. ಸಸ್ಕಾಚೆವಾನ್ ಕನ್ಸರ್ವೇಷನ್ ಹೌಸ್ ಅಂತ ಹೆಸರು. ಅಲ್ಲಿನ ಚಳಿ ಸಣ್ಣದಲ್ಲ, ಶೂನ್ಯಕ್ಕಿಂತ 30, 40 ಡಿಗ್ರಿ ಕೆಳಗೆ ಇಳಿಯುತ್ತದೆ. ಸೂರ್ಯನ ಶಾಖ ಹಿಡಿದಿಡುವ ದುಬಾರಿ ಫಲಕಗಳನ್ನು ಹಾಕಿದ್ದರು. ಕಡೆಗೆ ಗೊತ್ತಾದದ್ದೇನು ಅಂದರೆ, ಆ ಮನೆಯನ್ನು ಬೆಚ್ಚಗಿಟ್ಟದ್ದು ಮುಖ್ಯವಾಗಿ ಫಲಕಗಳಲ್ಲ. ದಪ್ಪ ಗೋಡೆ, ಬಿಗಿಯಾದ ಕೀಲುಗಳು, ಹೊರಗೆ ಹೋಗುವ ಗಾಳಿಯಿಂದ ಶಾಖ ಹಿಂದಕ್ಕೆ ಪಡೆಯುವ ಒಂದು ಪೆಟ್ಟಿಗೆ. ಈ ಪಾಠವನ್ನೂ ಸೇರಿಸಿಕೊಂಡು 1991ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಸಾಲಾಗಿ ನಾಲ್ಕು ಮನೆಗಳು ಎದ್ದವು. ಪ್ಯಾಸಿವ್ ಹೌಸ್ ಅನ್ನುವ ಮಾನದಂಡ ಹುಟ್ಟಿದ್ದು ಅಲ್ಲಿಂದ. ಮನೆ ಬೆಚ್ಚಗಿಡಲು ಚದರ ಮೀಟರಿಗೆ ವರ್ಷಕ್ಕೆ 15 ಯೂನಿಟ್ ಮೀರಬಾರದು. ಗಾಳಿ ಸೋರಿಕೆ 50 ಪಾಸ್ಕಲ್ ಒತ್ತಡದಲ್ಲಿ ಗಂಟೆಗೆ ಒಳಗಿನ ಗಾಳಿಯ 0.6 ಪಟ್ಟು ಮೀರಬಾರದು. ಇವತ್ತು ಬರುತ್ತಿರುವ ಬಿಗಿ ನಿಯಮಗಳನ್ನು ನೋಡಿ ಹೆದರುವವರಿಗೆ ನಾನು ಈ ನಾಲ್ಕು ಮನೆಗಳ ಕಥೆ ಹೇಳುತ್ತೇನೆ. ಇದನ್ನು ಮಾಡಿ ತೋರಿಸಿ 30 ವರ್ಷ ದಾಟಿದೆ.

ಸೋರಿಕೆ ಅಳೆಯುವುದು ಹೇಗೆ? ಮುಂಬಾಗಿಲಿನ ಚೌಕಟ್ಟಿಗೆ ಒಂದು ಬಟ್ಟೆಯ ಪರದೆ ಬಿಗಿಯುತ್ತಾರೆ, ಅದರಲ್ಲಿ ದೊಡ್ಡ ಫ್ಯಾನು. ಕಿಟಕಿಗಳೆಲ್ಲ ಮುಚ್ಚಿ ಫ್ಯಾನು ಹಾಕಿ ಒಳಗಿನ ಗಾಳಿಯನ್ನು ಹೊರಗೆ ಎಳೆಯುತ್ತಾರೆ. ಎಲ್ಲೆಲ್ಲಿ ಸಂದು ಇದೆಯೋ ಅಲ್ಲೆಲ್ಲ ಹೊರಗಿನ ಗಾಳಿ ನುಗ್ಗುತ್ತದೆ. ನಾನು ಮೊದಲ ಸಲ ಇದನ್ನು ಮಾಡಿದಾಗ ಕೈ ಒದ್ದೆ ಮಾಡಿಕೊಂಡು ಗೋಡೆಯುದ್ದಕ್ಕೂ ಹಿಡಿದು ನಡೆದೆ. ಗೋಡೆಯಲ್ಲಿ ಏನೂ ಇಲ್ಲ. ಕಿಟಕಿಯ ಗಾಜಿನ ಹತ್ತಿರ ಏನೂ ಇಲ್ಲ. ಸ್ವಿಚ್ ಬೋರ್ಡಿನ ಹತ್ತಿರ ಕೈ ಇಟ್ಟೆ, ಬೆರಳು ತಣ್ಣಗಾಯಿತು. ಯಾರೋ ಊದುತ್ತಿರುವ ಹಾಗೆ ಗಾಳಿ ಬರುತ್ತಿತ್ತು. ಬೋರ್ಡ್ ಬಿಚ್ಚಿ ನೋಡಿದರೆ ವೈರಿನ ಪೈಪು ಗೋಡೆಯ ಒಳಗಿಂದ ನೇರವಾಗಿ ತಾರಸಿಗೆ ಹೋಗಿದೆ, ಬಾಯಿ ತೆರೆದೇ ಇದೆ. ಇಡೀ ಮನೆಯ ಪ್ರತಿಯೊಂದು ಬೋರ್ಡೂ ಹಾಗೇ. ಅಡುಗೆಮನೆಯ ಸಿಂಕಿನ ಕೆಳಗೆ ನೀರಿನ ಪೈಪಿಗೆ ಕೊರೆದ ತೂತು ಪೈಪಿಗಿಂತ ಎರಡು ಪಟ್ಟು ದೊಡ್ಡದು, ಸುತ್ತ ತುಂಬಿಯೇ ಇಲ್ಲ. ಗೋಡೆ ಕಟ್ಟಿದವರು ತಮ್ಮ ಕೆಲಸ ಚೆನ್ನಾಗಿಯೇ ಮಾಡಿದ್ದರು. ಆಮೇಲೆ ಬಂದವರಿಗೆ ಆ ಗೋಡೆ ಗಾಳಿಯನ್ನೂ ತಡೆಯಬೇಕು ಅಂತ ಯಾರೂ ಹೇಳಿರಲಿಲ್ಲ. ನಕ್ಷೆಯಲ್ಲೂ ಬರೆದಿರಲಿಲ್ಲ. ಆ ನಕ್ಷೆಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ.

ಅಂದಿನಿಂದ ನಾನು ಎರಡು ಕೆಲಸ ಬಿಟ್ಟಿಲ್ಲ. ಗೋಡೆ ದಾಟುವ ಪ್ರತಿಯೊಂದು ಪೈಪು, ಪ್ರತಿಯೊಂದು ವೈರಿಗೂ ನಕ್ಷೆಯಲ್ಲಿ ಒಂದು ಗುರುತು ಹಾಕಿ ಹೇಗೆ ಮುಚ್ಚಬೇಕು ಅಂತ ಬರೆಯುತ್ತೇನೆ. ಎರಡನೆಯದು, ಫ್ಯಾನಿನ ಪರೀಕ್ಷೆಯನ್ನು ಬಣ್ಣ ಹಚ್ಚುವ ಮೊದಲೇ ಒಂದು ಸಲ ಮಾಡಿಸುತ್ತೇನೆ. ಎಲ್ಲ ಮುಗಿದ ಮೇಲೆ ಮಾಡಿದರೆ ತಪ್ಪು ಗೊತ್ತಾಗುತ್ತದೆ, ತಿದ್ದಲು ಗೋಡೆ ಒಡೆಯಬೇಕಾಗುತ್ತದೆ.

ಇಲ್ಲಿ ಸಭೆಯಿಂದ ಒಂದು ಪ್ರಶ್ನೆ ಬಂತು: ಇಷ್ಟು ಬಿಗಿ ಮಾಡಿದರೆ ಒಳಗಿನವರಿಗೆ ಉಸಿರು ಕಟ್ಟುವುದಿಲ್ಲವೇ? ಬಹಳ ಸರಿಯಾದ ಪ್ರಶ್ನೆ. ಕಟ್ಟುತ್ತದೆ, ಗಾಳಿಗೆ ಬೇರೆ ದಾರಿ ಮಾಡದಿದ್ದರೆ ಖಂಡಿತ ಕಟ್ಟುತ್ತದೆ. ಬಿಗಿ ಮಾಡುವುದು ಮತ್ತು ಗಾಳಿಗೆ ದಾರಿ ಮಾಡುವುದು ಒಂದೇ ಕೆಲಸದ ಎರಡು ಭಾಗ, ಒಂದನ್ನು ಬಿಟ್ಟು ಇನ್ನೊಂದನ್ನು ಮಾಡಲೇಬಾರದು. ಸೋರಿಕೆಯಿಂದ ಬರುವ ಗಾಳಿ ನಮಗೆ ಬೇಕಾದಾಗ ಬರುವುದಿಲ್ಲ. ಹೊರಗೆ ಬಿರುಗಾಳಿ ಇದ್ದಾಗ ಬೇಡ ಅಂದರೂ ಬರುತ್ತದೆ, ಗಾಳಿ ನಿಂತ ರಾತ್ರಿ ಬಾಗಿಲು ಮುಚ್ಚಿದ ಮಲಗುವ ಕೋಣೆಗೆ ಬರುವುದೇ ಇಲ್ಲ. ತೆರೆಯುವ ಕಿಟಕಿ, ಅಥವಾ ಹೊರಹೋಗುವ ಗಾಳಿಯ ಶಾಖವನ್ನು ಒಳಬರುವ ಗಾಳಿಗೆ ದಾಟಿಸುವ ಯಂತ್ರ, ಎರಡರಲ್ಲಿ ಯಾವುದು ಅಂತ ಮೊದಲೇ ಗೊತ್ತಿರಬೇಕು. ಒಳ್ಳೆಯ ಯಂತ್ರ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಶಾಖವನ್ನು ಉಳಿಸಿಕೊಡುತ್ತದೆ. ಆದರೆ ಯಂತ್ರಕ್ಕೆ ಡಕ್ಟ್, ಅಂದರೆ ಗಾಳಿಯ ಕೊಳವೆ, ಬೇಕು, ಡಕ್ಟಿಗೆ ಜಾಗ ಬೇಕು, ಬೀಮ್ ಅಡ್ಡ ಬರಬಾರದು, ಫಿಲ್ಟರ್ ತೆಗೆಯಲು ಕೈ ಹೋಗಬೇಕು. ಬೀಮಿನ ಕೆಳಗೆ ಜಾಗ ಸಾಲದೆ ಡಕ್ಟನ್ನು ಚಪ್ಪಟೆ ಮಾಡಿ, ನಾಲ್ಕು ಕಡೆ ತಿರುಗಿಸಿ ತೂರಿಸಿದ್ದನ್ನು ನೋಡಿದ್ದೇನೆ. ಫ್ಯಾನು ಜೋರಾಗಿ ಓಡಬೇಕು, ಸದ್ದು ಬರುತ್ತದೆ, ರಾತ್ರಿ ಮನೆಯವರು ಅದನ್ನು ಆಫ್ ಮಾಡಿ ಮಲಗುತ್ತಾರೆ. ಬಿಗಿಯಾದ ಮನೆ, ಗಾಳಿ ಇಲ್ಲ. ಎಲ್ಲ ಲೆಕ್ಕ ತಲೆಕೆಳಗಾಯಿತು.

ಇನ್ನು ಸಾಮಗ್ರಿಯ ಕಾರ್ಬನ್. ಹೊಸ ನಿಯಮಗಳಲ್ಲಿ ನಿಜವಾಗಿ ಹೊಸದು ಇದೇ.

ಕಾರ್ಬನ್ ಲೆಕ್ಕದಲ್ಲಿ ಸಿಮೆಂಟ್ ಯಾಕೆ ಇಷ್ಟು ಭಾರ ಅಂತ ಕೇಳುತ್ತಾರೆ. ಕುಲುಮೆಗೆ ಹಾಕುವ ಇಂಧನ ಒಂದು ಕಾರಣ, ಆದರೆ ಅದಕ್ಕಿಂತ ದೊಡ್ಡದು ಸುಣ್ಣದ ಕಲ್ಲು. ಸುಣ್ಣದ ಕಲ್ಲನ್ನು ಸುಟ್ಟಾಗ ಕಲ್ಲಿನೊಳಗೇ ಇರುವ ಕಾರ್ಬನ್ ಡೈಆಕ್ಸೈಡ್ ಹೊರಗೆ ಬರುತ್ತದೆ. ಒಂದು ಟನ್ ಕ್ಲಿಂಕರ್, ಅಂದರೆ ಪುಡಿ ಮಾಡಿದರೆ ಸಿಮೆಂಟಾಗುವ ಸುಟ್ಟ ಉಂಡೆಗಳು, ತಯಾರಾಗುವಾಗ ಬರೀ ಕಲ್ಲಿನಿಂದಲೇ ಅರ್ಧ ಟನ್ನಿಗಿಂತ ಸ್ವಲ್ಪ ಜಾಸ್ತಿ. ಕುಲುಮೆಯನ್ನು ಪೂರ್ತಿ ಸೌರ ವಿದ್ಯುತ್ತಿನಿಂದ ಕಾಯಿಸಿದರೂ ಅದು ತಪ್ಪುವುದಿಲ್ಲ. ಹಾಗಾಗಿ ಕ್ಲಿಂಕರಿನ ಪಾಲು ಇಳಿಸುವುದು ಒಂದು ದಾರಿ. ಉಕ್ಕಿನ ಕಾರ್ಖಾನೆಯಲ್ಲಿ ಉಳಿಯುವ ಕಿಟ್ಟ, ಅಂದರೆ ಸ್ಲ್ಯಾಗ್ ಸೇರಿಸಬಹುದು, ಸುಟ್ಟ ಜೇಡಿಮಣ್ಣು ಮತ್ತು ಸುಣ್ಣದ ಕಲ್ಲಿನ ಪುಡಿ ಸೇರಿಸಬಹುದು. ಇವುಗಳಿಂದ ಮಾಡಿದ ಕಾಂಕ್ರೀಟು ಗಟ್ಟಿಯಾಗಲು ಸ್ವಲ್ಪ ಹೆಚ್ಚು ದಿನ ಬೇಕಾಗಬಹುದು. ಸೆಂಟ್ರಿಂಗ್ ಯಾವಾಗ ಬಿಚ್ಚಬೇಕು ಅನ್ನುವುದೂ ಅದಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ಅದನ್ನು ಕಾಮಗಾರಿಯ ವೇಳಾಪಟ್ಟಿಯಲ್ಲಿ ಮೊದಲೇ ಬರೆದಿಡಿ, ಇಲ್ಲದಿದ್ದರೆ ಸೈಟಿನಲ್ಲಿ ಮೊದಲ ವಾರವೇ ಹಳೆಯ ಸಿಮೆಂಟಿಗೆ ಹಿಂದಿರುಗುತ್ತಾರೆ.

ಆದರೆ ಸಿಮೆಂಟ್ ಬದಲಾಯಿಸುವುದಕ್ಕಿಂತ ಮೊದಲು ಕಡಿಮೆ ಸಿಮೆಂಟ್ ಬೇಕಾಗುವ ಹಾಗೆ ಯೋಚಿಸಬೇಕು. ಕಾಲಂಗಳ ನಡುವೆ ನಿಜವಾಗಿ ಅಷ್ಟು ದೂರ ಬೇಕೇ? ದೂರ ಹೆಚ್ಚಿದಷ್ಟೂ ಸ್ಲ್ಯಾಬು ದಪ್ಪ, ಬೀಮ್ ಆಳ. ಮೇಲಿನ ಮಹಡಿಯ ಕಾಲಂ ಕೆಳಗಿನ ಕಾಲಮಿನ ಮೇಲೆ ನೇರವಾಗಿ ಕೂರುತ್ತದೆಯೇ? ಕೂರದಿದ್ದರೆ ಭಾರ ಪಕ್ಕಕ್ಕೆ ಒಯ್ಯಲು ದೈತ್ಯ ಬೀಮ್ ಬೇಕು. ನೆಲಮಾಳಿಗೆ ಬೇಕೇಬೇಕೇ? ಮಣ್ಣಿನ ಒತ್ತಡ ತಡೆಯುವ ಗೋಡೆ, ನೀರು ತಡೆಯುವ ತಳ, ಅಲ್ಲಿಗೆ ಹೋಗುವ ಕಾಂಕ್ರೀಟು ಮೇಲೆ ಕಾಣುವುದಿಲ್ಲ, ಲೆಕ್ಕದಲ್ಲಿ ಕಾಣುತ್ತದೆ. ಇವು ಮೂರೂ ಮೊದಲ ತಿಂಗಳಲ್ಲಿ ತೀರ್ಮಾನವಾಗುವ ವಿಷಯಗಳು. ಸೈಟಿನಲ್ಲಿ ಹಳೆಯ ಕಟ್ಟಡ ಇದ್ದರೆ ಅದನ್ನು ಕೆಡವದೆ ಉಳಿಸಿಕೊಳ್ಳಬಹುದೇ ಅನ್ನುವ ಪ್ರಶ್ನೆ ಇವೆಲ್ಲಕ್ಕಿಂತ ಮೊದಲಿನದು. ಗ್ರಾಹಕರು ಕೇಳದಿದ್ದರೂ ನಾವು ಆ ಪ್ರಶ್ನೆ ಎತ್ತಬೇಕು ಅಂತ ನಾನು ಮನಸಾರೆ ನಂಬಿದ್ದೇನೆ.

ಒಂದು ಕಡೆ ಎಚ್ಚರಿಕೆ ಬೇಕು. ಕಟ್ಟಡದ ದಿನನಿತ್ಯದ ಬಳಕೆ ಇಳಿಯುತ್ತಾ ಹೋದಂತೆ ಸಾಮಗ್ರಿಯ ಪಾಲು ಏರುತ್ತದೆ. ಇನ್ಸುಲೇಷನ್ನಿನ ಮೊದಲ ಕೆಲವು ಇಂಚು ಬಹಳ ಉಳಿಸುತ್ತದೆ. ಆಮೇಲಿನ ಪ್ರತಿ ಇಂಚೂ ಸ್ವಲ್ಪ ಸ್ವಲ್ಪವೇ ಕಡಿಮೆ ಉಳಿಸುತ್ತದೆ, ಅದನ್ನು ತಯಾರಿಸುವ ಕಾರ್ಬನ್ ಮಾತ್ರ ಅಷ್ಟೇ ಇರುತ್ತದೆ. ಎಲ್ಲಿ ನಿಲ್ಲಿಸಬೇಕು ಅಂತ ಎರಡೂ ಲೆಕ್ಕವನ್ನು ಒಂದೇ ಕಾಗದದ ಮೇಲೆ ಇಟ್ಟಾಗ ಮಾತ್ರ ಗೊತ್ತಾಗುತ್ತದೆ. ಎರಡು ತಂಡ ಎರಡು ಕೋಣೆಯಲ್ಲಿ ಕೂತು ಮಾಡಿದರೆ ಗೊತ್ತಾಗುವುದಿಲ್ಲ.

ಯಂತ್ರಗಳ ಬಗ್ಗೆ ಬೇಗ ಮುಗಿಸುತ್ತೇನೆ. ಅವು 15, 20 ವರ್ಷಕ್ಕೆ ಹೇಗೂ ಬದಲಾಗುತ್ತವೆ. ಹೀಟ್ ಪಂಪ್ ಹಾಕುವುದಾದರೆ ನೀರನ್ನು ತೀರಾ ಬಿಸಿ ಮಾಡಬೇಕಾಗದ ಹಾಗೆ ಕೋಣೆ ಬೆಚ್ಚಗಿಡುವ ರೇಡಿಯೇಟರ್ ದೊಡ್ಡದಿಡಿ, ಅಥವಾ ನೆಲದಡಿ ಪೈಪು ಹಾಕಿ. ಇವತ್ತು ಗ್ಯಾಸ್ ಬಾಯ್ಲರೇ ಹಾಕಬೇಕಾಗಿ ಬಂದರೂ ಪೈಪು ಮಾತ್ರ ನಾಳೆಯ ಹೀಟ್ ಪಂಪಿಗೆ ಹೊಂದುವಂತಿರಲಿ, ಹೊರಗೆ ಅದನ್ನು ಕೂರಿಸಲು ಜಾಗ ಇರಲಿ. ಎಸಿಯೊಳಗಿನ ಅನಿಲವನ್ನೂ ವಿಚಾರಿಸಿ. ಆರ್-410ಎ ಒಂದು ಕಿಲೋ ಸೋರಿದರೆ ಎರಡು ಟನ್ ಕಾರ್ಬನ್ ಡೈಆಕ್ಸೈಡ್ ಬಿಟ್ಟಂತೆ. ಆರ್-32 ಆದರೆ ಮುಕ್ಕಾಲು ಟನ್ನಿಗಿಂತ ಕಡಿಮೆ. ಪ್ರೊಪೇನ್ ಆದರೆ ಬರೀ ಕೆಲವು ಕಿಲೋ, ಆದರೆ ಬೆಂಕಿ ಹತ್ತುವ ಅನಿಲ, ಅದಕ್ಕೆ ತಕ್ಕ ಜಾಗ ಬೇಕು. ತಾರಸಿಯಲ್ಲಿ ಸೌರ ಫಲಕಕ್ಕೆ ನೆರಳು ಬೀಳದ ಜಾಗವನ್ನು ಈಗಲೇ ಕಾಯ್ದಿರಿಸಿ, ನೀರಿನ ಟ್ಯಾಂಕನ್ನು ಅದಕ್ಕೆ ಅಡ್ಡ ಇಡಬೇಡಿ.

ಹವಾಮಾನದ ಫೈಲಿನ ಬಗ್ಗೆಯೂ ಒಂದು ಮಾತು. ನಾವು ಲೆಕ್ಕಕ್ಕೆ ಬಳಸುವ ಹವಾಮಾನದ ಅಂಕಿ ಕಳೆದ ವರ್ಷಗಳದ್ದು. ಕಟ್ಟಡ ಬದುಕುವುದು ಮುಂದಿನ ವರ್ಷಗಳಲ್ಲಿ. 2050ರ ಅಂದಾಜಿನ ಬಿಸಿಲನ್ನು ಹಾಕಿ ಒಂದು ಸಲ ಲೆಕ್ಕ ಓಡಿಸಿ. ಚಳಿಗೆಂದು ಚೆನ್ನಾಗಿ ಹೊದಿಸಿದ ಕಟ್ಟಡ ಬೇಸಗೆಯಲ್ಲಿ ಒಳಗೇ ಕಾಯುತ್ತಿದ್ದರೆ ಅಲ್ಲೇ ಗೊತ್ತಾಗುತ್ತದೆ. ನೆರಳು ಮತ್ತು ರಾತ್ರಿಯ ಗಾಳಿಗೆ ದಾರಿ ಮಾಡಲು ಇನ್ನೂ ಸಮಯ ಇರುತ್ತದೆ.

ಕೊನೆಯ ವಿಷಯ, ಮೀಟರು. ಕಾಗದದ ಮೇಲಿನ ಅಂಕಿ ಮತ್ತು ಕಟ್ಟಡ ನಿಜವಾಗಿ ಬಳಸುವ ಅಂಕಿ ಬೇರೆ ಬೇರೆ ಇರುತ್ತವೆ. ಕೆಲವು ಸಲ ದುಪ್ಪಟ್ಟೂ ಇರುತ್ತದೆ. ಈ ಅಂತರವನ್ನು ಹಿಡಿಯಬೇಕಾದರೆ ಯಾವುದು ಎಷ್ಟು ಬಳಸುತ್ತಿದೆ ಅಂತ ಗೊತ್ತಿರಬೇಕು. ಒಂದು ಕಟ್ಟಡದಲ್ಲಿ ಬಿಲ್ಲು ಅಂದಾಜಿಗಿಂತ ಬಹಳ ಜಾಸ್ತಿ ಬಂತು ಅಂತ ನಮ್ಮನ್ನು ಕರೆದರು. ಹೋಗಿ ನೋಡಿದರೆ ಇಡೀ ಕಟ್ಟಡಕ್ಕೆ ಒಂದೇ ಮೀಟರು. ಎಸಿಯೋ, ಬಿಸಿನೀರೋ, ಲಿಫ್ಟೋ, ಯಾರನ್ನು ಅನುಮಾನಿಸುವುದು? ಎರಡು ವಾರ ಪ್ರತಿ ರಾತ್ರಿ ಒಂದೊಂದೇ ಸ್ವಿಚ್ ಆಫ್ ಮಾಡುತ್ತಾ ಹುಡುಕಿದೆವು. ಕಡೆಗೆ ಸಿಕ್ಕಿದ್ದು ಬಿಸಿನೀರಿನ ಪಂಪು. ರಾತ್ರಿ ಹತ್ತಕ್ಕೆ ನಿಲ್ಲಬೇಕಾದದ್ದು ಬೆಳಗಿನವರೆಗೂ ಹೊದಿಕೆಯಿಲ್ಲದ ಪೈಪುಗಳಲ್ಲಿ ನೀರು ಸುತ್ತಿಸುತ್ತಿತ್ತು. ಟೈಮರ್ ಯಾರೂ ಹೊಂದಿಸಿರಲೇ ಇಲ್ಲ. ಹೊಂದಿಸಲು ಎರಡು ನಿಮಿಷ ಸಾಕಾಯಿತು.

ಈಗ ನಮ್ಮ ವಿದ್ಯುತ್ ನಕ್ಷೆಯ ಮೊದಲ ಹಾಳೆಯಲ್ಲೇ ಐದು ಮೀಟರು ಬರೆದಿರುತ್ತೇವೆ: ತಂಪು ಅಥವಾ ಶಾಖಕ್ಕೆ ಒಂದು, ಬಿಸಿನೀರಿಗೆ ಒಂದು, ಗಾಳಿಯ ಯಂತ್ರಕ್ಕೆ ಒಂದು, ದೀಪಕ್ಕೆ ಒಂದು, ಉಳಿದದ್ದಕ್ಕೆ ಒಂದು. ಜನ ಬಂದು ಸೇರಿದ ಮೇಲೆ ಮೊದಲ ವರ್ಷ ತಿಂಗಳಿಗೊಮ್ಮೆ ಹೋಗಿ ಐದನ್ನೂ ಓದಿ ಬರೆದುಕೊಂಡು ಬರುತ್ತೇವೆ.